ಒಣಗಿದ ತೋಟಕ್ಕೂ ನೀರು ಹಾಕಬೇಕು

ಬೆಟ್ಟ ಹತ್ತುವಾಗ ಭಕ್ತರಲ್ಲಿ ಉತ್ಸಾಹ ತುಂಬಿರುತ್ತದೆ. ಮೇಣದ ಬತ್ತಿ ಹಚ್ಚಿ, ಜಪಸರ ಹಿಡಿದು, ಕಣ್ಣೀರಿಟ್ಟು ಬೇಡಿಕೊಳ್ಳುತ್ತಾರೆ. ಊರಿಗೆ ಮರಳಿ ನಾಲ್ಕು ವಾರ ಕಳೆಯುವಷ್ಟರಲ್ಲಿ ಪ್ರಾರ್ಥನೆ ಸಪ್ಪೆಯಾಗುತ್ತದೆ. ತುಟಿ ಜಪ ಹೇಳುತ್ತಿದ್ದರೂ ಮನಸ್ಸು ಸಾಲ, ಮಗಳ ಮದುವೆ, ನಾಳೆಯ ಅಡುಗೆ ಅಂತ ಓಡುತ್ತದೆ. "ನನ್ನಂಥ ಪಾಪಿಗೆ ಪ್ರಾರ್ಥನೆ ಯಾಕೆ, ಬಿಡು" ಎಂದು ಕೆಲವರು ನಿಲ್ಲಿಸಿಯೇ ಬಿಡುತ್ತಾರೆ.

ಹೀಗೆ ನಿಲ್ಲಿಸಿದವರಲ್ಲಿ ಒಬ್ಬ ಮಹಾ ಸಂತರೂ ಇದ್ದಾರೆ. ಅವರೇ ಸ್ಪೇನ್ ದೇಶದ ಆವಿಲಾದ ಸಂತ ತೆರೇಸಮ್ಮನವರು.

1515ರಲ್ಲಿ ಹುಟ್ಟಿದ ಅವರು 20ನೇ ವಯಸ್ಸಿನಲ್ಲಿ ಕಾರ್ಮೆಲ್ ಮಠ ಸೇರಿದರು. ಕೆಲವೇ ವರ್ಷಗಳಲ್ಲಿ ಕಠಿಣ ಕಾಯಿಲೆ ಬಂತು. 1539ರಲ್ಲಿ 4 ದಿನ ಪ್ರಜ್ಞೆಯಿಲ್ಲದೆ ಮಲಗಿದ್ದರು. ಸತ್ತೇಹೋದರೆಂದು ಮಠದಲ್ಲಿ ಸಮಾಧಿಯನ್ನೂ ತೋಡಿಟ್ಟಿದ್ದರು. ಜೀವ ಉಳಿಯಿತು, ಆದರೆ ಎದ್ದು ಓಡಾಡಲು ಸುಮಾರು 3 ವರ್ಷ ಹಿಡಿಯಿತು. ಸಂತ ಜೋಸೆಫರ ಬಿನ್ನಹದಿಂದಲೇ ಗುಣವಾಯಿತೆಂದು ಅವರು ನಂಬಿದ್ದರು.

ಕಾಯಿಲೆಯಲ್ಲಿ ಸೋಲದ ತೆರೇಸಮ್ಮ ಆರೋಗ್ಯ ಬಂದ ಮೇಲೆ ಎಡವಿದರು. ಮಠಕ್ಕೆ ಬಂದು ಹೋಗುವವರ ಜೊತೆ ಹರಟೆಯಲ್ಲಿ ಮನಸ್ಸು ಸಿಕ್ಕಿಬಿತ್ತು. ಇಂಥವಳು ದೇವರ ಮುಂದೆ ಕೂರುವುದು ಹೇಗೆ ಎಂಬ ನಾಚಿಕೆ ಹುಟ್ಟಿತು. ಎಲ್ಲರ ಜೊತೆ ಜಪ ಹೇಳುತ್ತಿದ್ದರೂ ಏಕಾಂತದ ಧ್ಯಾನವನ್ನು ಒಂದು ವರ್ಷಕ್ಕೂ ಹೆಚ್ಚು ಕಾಲ ಬಿಟ್ಟರು. ಅದನ್ನೇ ವಿನಯ ಅಂದುಕೊಂಡರು. ತಂದೆ ತೀರಿಕೊಂಡಾಗ ದೊಮಿನಿಕ್ ಸಭೆಯ ಗುರುವೊಬ್ಬರ ಬಳಿ ಪಾಪನಿವೇದನೆ ಮಾಡಿದರು. ಧ್ಯಾನವನ್ನು ಬಿಡಲೇಬಾರದು ಎಂದು ಆ ಗುರುಗಳು ತಿಳಿಹೇಳಿದರು. ಆಮೇಲೆ ಅವರು ಎಂದೂ ಬಿಡಲಿಲ್ಲ. ವಿನಯದ ವೇಷದಲ್ಲಿ ಬಂದ ಆ ಶೋಧನೆಯೇ ತಮ್ಮ ಬಾಳಿನ ದೊಡ್ಡ ಅಪಾಯವೆಂದು ಮುಂದೆ ಬರೆದರು. ರೋಗ ಜಾಸ್ತಿಯಾಯಿತೆಂದು ಯಾರಾದರೂ ವೈದ್ಯರ ಹತ್ತಿರ ಹೋಗೋದನ್ನ ಬಿಡ್ತಾರೆಯೇ?

ಮತ್ತೆ ಶುರುಮಾಡಿದ ಕೂಡಲೇ ಸವಿ ಸಿಕ್ಕಿತೇ? ಇಲ್ಲ. ಎಷ್ಟೋ ದಿನ ಧ್ಯಾನದ ಹೊತ್ತು ಯಾವಾಗ ಮುಗಿಯುತ್ತದೋ ಎಂದು ಗಡಿಯಾರದ ಸದ್ದಿಗೆ ಕಿವಿಗೊಟ್ಟು ಕೂತಿರುತ್ತಿದ್ದುದಾಗಿ ಅವರೇ ಒಪ್ಪಿಕೊಂಡಿದ್ದಾರೆ. ಆದರೂ ಎದ್ದು ಹೋಗಲಿಲ್ಲ. 1554ರಲ್ಲಿ ಗಾಯಗೊಂಡ ಯೇಸುಸ್ವಾಮಿಯ ಪ್ರತಿಮೆಯ ಮುಂದೆ ಅವರ ಹೃದಯ ಕರಗಿತು. ಅಷ್ಟರಲ್ಲಿ ಮಠ ಸೇರಿ ಸುಮಾರು 19 ವರ್ಷ ಕಳೆದಿತ್ತು!

ತೆರೇಸಮ್ಮನವರು ಪ್ರಾರ್ಥನೆಯನ್ನು ತೋಟಕ್ಕೆ ಹೋಲಿಸುತ್ತಾರೆ. ನೀರು ಹಾಯಿಸಲು ನಾಲ್ಕು ದಾರಿಗಳಿವೆ: ಬಾವಿಯಿಂದ ಸೇದುವುದು, ಚಕ್ರದಿಂದ ಎತ್ತುವುದು, ಹೊಳೆಯ ನೀರು ಹರಿಸುವುದು, ಕೊನೆಗೆ ಮಳೆ. ಮಳೆ ದೇವರ ಕೊಡುಗೆ, ಅದನ್ನು ಯಾರೂ ತರಿಸಲಾರರು. ಸೇದುವುದು ಮನುಷ್ಯನ ಪಾಲು. ಕೆಲವು ದಿನ ಬಾವಿಯೂ ಬತ್ತಿರುತ್ತದೆ. ಆಗಲೂ ಹಗ್ಗ ಹಿಡಿದು ನಿಂತವನ ತೋಟವನ್ನು ದೇವರು ನೀರಿಲ್ಲದೆಯೂ ಕಾಪಾಡುತ್ತಾನೆ ಎನ್ನುವುದು ಅವರ ಅನುಭವ.

1562ರಲ್ಲಿ ಅವರು ಸಂತ ಜೋಸೆಫರ ಹೆಸರಿನಲ್ಲಿ ಹೊಸ ಮಠ ಕಟ್ಟಿದರು. 1582ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅಂಥ ಮಠಗಳು 17 ಆಗಿದ್ದವು. 1970ರಲ್ಲಿ ಪೋಪ್ ಆರನೇ ಪೌಲರು ಅವರನ್ನು ಧರ್ಮಸಭೆಯ ಪಂಡಿತೆ ಎಂದು ಘೋಷಿಸಿದರು. ಆ ಗೌರವ ಪಡೆದ ಮೊದಲ ಮಹಿಳೆ ಅವರೇ.

ಮನೆಯಲ್ಲಿ ಪಾಲಿಸಲು:

1. ಪ್ರಾರ್ಥನೆಗೆ ದಿನವೂ ಒಂದು ಹೊತ್ತು ಗೊತ್ತುಮಾಡಿ. ಹತ್ತು ನಿಮಿಷವಾದರೂ ಸಾಕು. ಮನಸ್ಸಿಲ್ಲದ ದಿನವೂ ಕೂತುಕೊಳ್ಳಿ.

2. ಮನಸ್ಸು ಅಲೆದರೆ ಕೈಯಲ್ಲೊಂದು ಪುಸ್ತಕವಿರಲಿ. ತೆರೇಸಮ್ಮನವರಿಗೂ 18 ವರ್ಷ ಪುಸ್ತಕದ ಆಸರೆ ಬೇಕಾಗಿತ್ತು.

3. ಬಿದ್ದರೆ ಆ ದಿನವೇ ಎದ್ದು ಬನ್ನಿ. ಯೋಗ್ಯರಾದ ಮೇಲೆ ಬರ್ತೀನಿ ಅಂತ ಕಾಯಬೇಡಿ.

ಯಾತ್ರಿಕರೇ, ಬೇಡಿದ್ದು ಇಂದೇ ಸಿಗದಿರಬಹುದು. ಬೆಟ್ಟ ಇಳಿದು ಮನೆ ಸೇರಿದ ಮೇಲೆ ಈ ರಾತ್ರಿಯೇ ಒಂದು ಕೊಡ ನೀರು ಸೇದಿ. ಮಳೆ ಸುರಿಸುವ ಕಾಲ ದೇವರಿಗೆ ಗೊತ್ತು.