ಮೊದಲು ಕಾರವಾರದ ಬಂಗಡೆ, ಆಮೇಲೆ ಅಂಟಾರ್ಕ್ಟಿಕಾ

ಕಾರವಾರದ ಕೋಡಿಬಾಗದಲ್ಲಿ ಕಡಲಜೀವಶಾಸ್ತ್ರ ಓದಲು ಬಂದವರಿಗೆ ಒಂದು ಮಾತು. ಗೂಗಲ್‌ನಲ್ಲಿ ‘ಸಾಗರ, ಹವಾಮಾನ ಬದಲಾವಣೆ’ ಎಂದು ಒತ್ತಿ, ಮೇಲೆ ಬಂದ ಹತ್ತು ಪ್ರಬಂಧ ಇಳಿಸಿಕೊಂಡು ಅದನ್ನೇ ಸಾಹಿತ್ಯ ಸಮೀಕ್ಷೆ ಅನ್ನಬೇಡಿ. ಎದುರಿಗೇ ಇರುವ ಕಡಲಿನಿಂದ ಶುರುಮಾಡಿ.

ಬಂಗಡೆಯನ್ನೇ ತಗೊಳ್ಳಿ. ಎಲ್.ಬಿ. ಪ್ರಧಾನ್ ಅವರು ಕಾರವಾರದ ಬಂಗಡೆ ಮೀನುಗಾರಿಕೆಯ ಮೇಲೆ ಬರೆದ ನಲವತ್ತಕ್ಕೂ ಹೆಚ್ಚು ಪುಟದ ಪ್ರಬಂಧ 1956ರ ‘ಇಂಡಿಯನ್ ಜರ್ನಲ್ ಆಫ್ ಫಿಶರೀಸ್’ನಲ್ಲಿದೆ. ಅದು ರಂಪಣಿ ಬಲೆಯ ಕಾಲ. ಊರಿಗೆ ಊರೇ ದಡದಲ್ಲಿ ನಿಂತು ಬಲೆ ಎಳೆಯುತ್ತಿತ್ತು. ಎಪ್ಪತ್ತರ ದಶಕದ ಕೊನೆಗೆ ಪರ್ಸೀನ್ (ಸುತ್ತುಬಲೆ) ಬೋಟು ಬಂದ ಮೇಲಿನ ಅಂಕಿಗಳನ್ನು ಆ ಪ್ರಬಂಧದ ಅಂಕಿಗಳ ಪಕ್ಕ ಸುಮ್ಮನೆ ಇಟ್ಟು ‘ಮೀನು ಹೆಚ್ಚಿತು’ ಎಂದು ಬರೆದೀರಿ, ಜೋಕೆ! ಬದಲಾದದ್ದು ಬಲೆಯೂ ಇರಬಹುದು. ಇಂಥ ಒಂದು ಪ್ರಬಂಧ ಸಿಕ್ಕರೆ ಅದರ ಉಲ್ಲೇಖಪಟ್ಟಿ ಹಿಡಿದು ಹಿಂದಕ್ಕೆ ಹೋಗಿ, ಗೂಗಲ್ ಸ್ಕಾಲರ್‌ನ ‘ಸೈಟೆಡ್ ಬೈ’ ಒತ್ತಿ ಮುಂದಕ್ಕೆ ಬನ್ನಿ. ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ (ಸಿಎಂಎಫ್‌ಆರ್‌ಐ) ಆನ್‌ಲೈನ್ ಭಂಡಾರದಲ್ಲಿ ಹಳೆಯ ಬರಹಗಳು ಬಿಟ್ಟಿಯಾಗಿಯೇ ಸಿಗುತ್ತವೆ.

ಹುಡುಕುವಾಗ ಹಳೆಯ ಹೆಸರುಗಳನ್ನೂ ಹಾಕಿ. 1956ರ ನವೆಂಬರ್ 1ರವರೆಗೆ ನಮ್ಮ ಉತ್ತರ ಕನ್ನಡ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು. ಹಾಗಾಗಿ ‘ನಾರ್ತ್ ಕೆನರಾ’, ‘ಬಾಂಬೆ’ ಎಂದೂ ಕೊಟ್ಟು ನೋಡಬೇಕು. ಅಂಕೋಲೆಯ ಬೇಲೇಕೇರಿಗಂತೂ ಇಂಗ್ಲಿಷಿನಲ್ಲಿ ಒಬ್ಬೊಬ್ಬರದು ಒಂದೊಂದು ಕಾಗುಣಿತ.

ಎದುರಿನ ಕಡಲಾದ ಮೇಲೆ ಅಂಟಾರ್ಕ್ಟಿಕಾ. ಧ್ರುವವಿಜ್ಞಾನ ಅಂದರೆ ದೂರದ ಮಾತಲ್ಲ. ಸಾಗರವಿಜ್ಞಾನಿ ಎಸ್.ಝಡ್. ಖಾಸಿಂ ನೇತೃತ್ವದ ಭಾರತದ ಮೊದಲ ಅಂಟಾರ್ಕ್ಟಿಕಾ ಯಾತ್ರೆ 1981ರ ಡಿಸೆಂಬರ್‌ನಲ್ಲಿ ಹೊರಟದ್ದು ಪಕ್ಕದ ಗೋವಾದಿಂದ. ಧ್ರುವ ಸಂಶೋಧನೆಯ ರಾಷ್ಟ್ರೀಯ ಕೇಂದ್ರ ವಾಸ್ಕೋದಲ್ಲಿದೆ, 1966ರಲ್ಲಿ ಹುಟ್ಟಿದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆ ಎನ್‌ಐಒ ದೋನಾಪಾವ್ಲದಲ್ಲಿ. ಬೆಳಗಿನ ರೈಲು ಹತ್ತಿದರೆ ಸಂಜೆಗೆ ಮನೆ. ಆ ಮೊದಮೊದಲ ಯಾತ್ರೆಗಳ ಎಷ್ಟೋ ಕೆಲಸ ಅಚ್ಚಾದದ್ದು ಸರ್ಕಾರದ ತಾಂತ್ರಿಕ ವರದಿಗಳಲ್ಲಿ. ಜರ್ನಲ್ ಮಾತ್ರ ಹುಡುಕುವವರಿಗೆ ಅವು ಕಾಣವು.

ಪ್ರಬಂಧಕ್ಕೆ ಸ್ವಂತ ದುಡ್ಡು ಸುರಿಯಬೇಡಿ. 2025ರ ಜನವರಿಯಿಂದ ‘ಒಂದು ದೇಶ, ಒಂದು ಚಂದಾ’ ಯೋಜನೆಯಲ್ಲಿ ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ಸುಮಾರು 13,000 ಜರ್ನಲ್‌ಗಳು ತೆರೆದಿವೆ, ಗ್ರಂಥಪಾಲಕರನ್ನು ಕೇಳಿ. ಅಲ್ಲೂ ಇಲ್ಲವೆಂದರೆ ಲೇಖಕರಿಗೇ ನಾಲ್ಕು ಸಾಲಿನ ಮೇಲ್ ಬರೆಯಿರಿ. ತಮ್ಮ ಪ್ರಬಂಧವನ್ನು ಯಾರೋ ಓದುತ್ತಾರೆಂದರೆ ಬೇಡ ಅನ್ನುವ ವಿಜ್ಞಾನಿ ಅಪರೂಪ.

ಇನ್ನು ಪಿಎಚ್‌ಡಿ ಮಹಾಪ್ರಬಂಧಗಳು ಶೋಧಗಂಗಾ ಜಾಲತಾಣದಲ್ಲಿವೆ. ಕಾಳಿ ಅಳಿವೆಯ ಬಳಚಿನ ಮೇಲೋ ಕೇಣಿಯ ದಡದ ಮೇಲೋ ಹಿರಿಯ ವಿದ್ಯಾರ್ಥಿಗಳು ಬರೆದಿರಬಹುದಾದ ಎಂಎಸ್ಸಿ ಕಿರುಪ್ರಬಂಧಗಳು ಮಾತ್ರ ಅಲ್ಲಿ ಬರುವುದಿಲ್ಲ. ವಿಭಾಗದ ಕಪಾಟಿನ ಬೀಗದಕೈ ಕೇಳಿ, ತೆಗೆಸಿ ನೋಡಿ.