ಕಥೆಯಾಟದ ಸೂತ್ರಧಾರನೂ ನಾಲ್ಕು ಕವಡೆಗಳೂ

ಕೊಳ್ಳೇಗಾಲ, ಹನೂರು, ಯಳಂದೂರುಗಳ ಸೀಮೆಯಲ್ಲಿ ದೇವರಗುಡ್ಡರು ಹಾಡುವ ಮಾದೇಶ್ವರನ ಕಾವ್ಯವು ಸಾಲುಗಳಾಗಿ ವಿಂಗಡವಾಗಿದೆ. ಸಂಕಮ್ಮನ ಸಾಲು ಅವುಗಳಲ್ಲೊಂದು. ಹೊತ್ತನ್ನೂ ಕೇಳುಗರನ್ನೂ ನೋಡಿ ಹಾಡನ್ನು ಹಿಗ್ಗಿಸುವುದುಂಟು, ಕುಗ್ಗಿಸುವುದೂ ಉಂಟು. 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬವರ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಕಥೆಯಾಟ ಪ್ರಕಟವಾಯಿತು. ಅದರ ಸೂತ್ರಧಾರನ ಸಿದ್ಧತೆಯೂ ಇಂಥದೇ. ಆದರೆ ಇಲ್ಲಿ ಕೇಳುಗರೇ ಪಾತ್ರಧಾರಿಗಳು. ಮುಕ್ತಾಯ ಅವನ ಕೈಯಲ್ಲಿಲ್ಲ. ಆದುದರಿಂದ ಅವನು ಸ್ಥಳ, ಜನ, ಅಪಾಯಗಳನ್ನಷ್ಟೇ ಅಣಿಗೊಳಿಸುತ್ತಾನೆ. ಸಂದೇಹವಿದ್ದೆಡೆ ದಾಳವೇ ತೀರ್ಪುಗಾರ.

ತಾಳಬೆಟ್ಟದಿಂದ ಕಾಲುದಾರಿ ಹಿಡಿದ ಮೂವರಿಗೆ ಆನೆ ಎದುರಾಯಿತೆನ್ನೋಣ. ಸದ್ದಿಲ್ಲದೆ ಬಂಡೆಯ ಮರೆಗೆ ಸರಿಯುವುದಾಗಿ ಅವರು ಹೇಳುತ್ತಾರೆ. ಚೌಕಾಬಾರದ ನಾಲ್ಕು ಕವಡೆಗಳನ್ನೇ ಎಸೆಯೋಣ. ಅಂಗಾತ, ಬೋರಲುಗಳ ಸಂಭವ ಸಮವಾದರೆ ಒಟ್ಟು 16 ಬಗೆಗಳು: ಒಂದು ಅಂಗಾತ 4, ಎರಡು 6, ಮೂರು 4, ಚೌಕ 1, ಬಾರ 1. ‘ಎರಡಾದರೂ ಅಂಗಾತ ಬೀಳಬೇಕು’ ಎಂದರೆ 16ರಲ್ಲಿ 11 ಪಾಲು ಜಯ. ‘ಮೂರಾದರೂ’ ಎಂದರೆ 5 ಪಾಲು ಮಾತ್ರ. ಒಂದೇ ಕವಡೆಯ ಅಂತರದಲ್ಲಿ ಮೂವರ ಗತಿಯೇ ಬದಲಾಯಿತು! ಇಪ್ಪತ್ತು ಮುಖಗಳ ದಾಳದಲ್ಲಾದರೋ ಒಂದಂಕಿಗೆ 20ರಲ್ಲಿ 1 ಪಾಲಷ್ಟೇ ವ್ಯತ್ಯಾಸ. ಷರತ್ತನ್ನು ಎಸೆತಕ್ಕೆ ಮುಂಚೆಯೇ ಸಾರಬೇಕು. ಅನಂತರ ಸಾರುವುದು ಆಟವಲ್ಲ, ದಬ್ಬಾಳಿಕೆ. ಸೋತರೂ ಕಥೆ ನಿಲ್ಲಬಾರದು. ಆನೆ ಅಟ್ಟಿದಾಗ ಅವರು ಇಳಿಯಬಹುದಾದ ಹಳ್ಳವನ್ನೂ ಸೂತ್ರಧಾರನು ಮೊದಲೇ ಕಲ್ಪಿಸಿರಬೇಕು.

ಕವಡೆಯ ಎರಡು ಮೈಗಳು ನಾಣ್ಯದವುಗಳಂತೆ ಒಂದೇ ಆಕಾರದವಲ್ಲ. ನಮ್ಮ ಲೆಕ್ಕವನ್ನು ನಂಬುವ ಮೊದಲು ಒಂದು ಕವಡೆಯನ್ನು 200 ಸಲ ಎಸೆದು ಎಣಿಸಿರಿ. 120 ಸಲ ಅಂಗಾತವಾಯಿತೆಂದರೆ ಅರ್ಧದ ಬದಲು 0.6 ಎಂದಿಟ್ಟುಕೊಳ್ಳಬೇಕು, ಉಳಿದ ಮೂರು ಕವಡೆಗಳೂ ಅಂಥವೇ ಆಗಿದ್ದರೆ ಮೂರರ ಷರತ್ತಿನ ಸಂಭವ 0.31ರಿಂದ ಸುಮಾರು 0.48ಕ್ಕೆ ಏರುತ್ತದೆ.