ಮನೆಯ ಜೀವನಚಕ್ರ

ಮಕ್ಕಳೇ, ಚಿಟ್ಟೆಯ ಜೀವನಚಕ್ರವನ್ನು ನೀವು ಕಲಿತಿರುವಿರಿ. ಮನೆಗೂ ಅಂತಹ ಜೀವನಚಕ್ರವಿದೆ ಎಂಬುದನ್ನು ಬಲ್ಲಿರಾ? ಬನ್ನಿ, ತಿಳಿಯೋಣ.

ತೇನಿ ಜಿಲ್ಲೆಯ ಕಂಬಂ ಕಣಿವೆಯಲ್ಲಿ ಒಂದು ಮನೆ ಕಟ್ಟುತ್ತಾರೆ ಎಂದಿಟ್ಟುಕೊಳ್ಳಿ. ಇಟ್ಟಿಗೆಗೆ ಮಣ್ಣು ಬೇಕು. ಹೊಲದ ಮೇಲ್ಮಣ್ಣನ್ನು ತೆಗೆದರೆ ಭತ್ತ, ಬಾಳೆ, ದ್ರಾಕ್ಷಿ ಬೆಳೆಯುವುದೆಲ್ಲಿ? ಒಂದು ಅಂಗುಲ ಮೇಲ್ಮಣ್ಣು ಉಂಟಾಗಲು ನೂರಾರು ವರ್ಷಗಳು ಬೇಕು. ಇಟ್ಟಿಗೆಯನ್ನು ಸುಡಲು ಸೌದೆಯೂ ಬೇಕು.

ಸಿಮೆಂಟಿಗೆ ಸುಣ್ಣಕಲ್ಲು ಬೇಕು. ದಿಂಡಿಗಲ್ ಜಿಲ್ಲೆಯ ಕರಿಕ್ಕಾಲಿಯಲ್ಲಿ ಸಿಮೆಂಟ್ ಕಾರ್ಖಾನೆ ಇದೆ. ಸುಣ್ಣಕಲ್ಲು ಮತ್ತು ಜೇಡಿಮಣ್ಣನ್ನು ಸುಮಾರು 1,450 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟು ಸಿಮೆಂಟ್ ತಯಾರಿಸುತ್ತಾರೆ. ಆಗ ಹೊರಬರುವ ಇಂಗಾಲದ ಡೈಆಕ್ಸೈಡ್ ಭೂಮಿಯ ಬಿಸಿಯನ್ನು ಹೆಚ್ಚಿಸುತ್ತದೆ. ಇವುಗಳನ್ನು ಸಾಗಿಸುವ ಲಾರಿಗೆ ಡೀಸೆಲ್ ಬೇಕು.

ಮನೆ ಕಟ್ಟಿದ ಮೇಲೂ ಖರ್ಚು ನಿಲ್ಲುವುದಿಲ್ಲ. ಹಲವು ವರ್ಷಗಳ ಕಾಲ ದೀಪ, ಫ್ಯಾನು, ನೀರು ಬೇಕು. ತೇನಿಯ ಸುತ್ತ ಗಾಳಿಯಂತ್ರಗಳು ತಿರುಗುವುದನ್ನು ನೋಡಿರುವಿರಲ್ಲವೇ? ಆ ಗಾಳಿ ಒಳಗೆ ಬರುವಂತೆ ಎದುರುಬದುರು ಕಿಟಕಿಗಳನ್ನು ಇಟ್ಟರೆ ಫ್ಯಾನಿನ ಕೆಲಸ ಕಡಿಮೆಯಾಗುತ್ತದೆ. ಕೊನೆಗೆ ಮನೆ ಹಳೆಯದಾಗುತ್ತದೆ. ಕೆಡವಿದಾಗ ಹೆಂಚು, ಕಲ್ಲು, ಮರವನ್ನು ಮತ್ತೆ ಬಳಸಬಹುದು. ಉಳಿದುದು ಕಸವಾಗುತ್ತದೆ.

ಹುಟ್ಟಿನಿಂದ ಕೊನೆಯವರೆಗೆ ಆಗುವ ಈ ಎಲ್ಲ ಖರ್ಚು ಮತ್ತು ಹಾನಿಯನ್ನು ಕೂಡಿಸಿ ಲೆಕ್ಕ ಹಾಕುವುದೇ ‘ಜೀವನಚಕ್ರ ಮೌಲ್ಯಮಾಪನ’. ಒಂದೇ ಹಂತವನ್ನು ನೋಡಿದರೆ ನಾವು ಮೋಸಹೋಗುತ್ತೇವೆ. ತಗಡಿನ ಮಾಡು ಅಗ್ಗ. ಆದರೆ ಬೇಸಿಗೆಯಲ್ಲಿ ಕೋಣೆ ಕಾದು ದಿನವಿಡೀ ಫ್ಯಾನು ತಿರುಗಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಸುಡದ ಮಣ್ಣಿನ ಇಟ್ಟಿಗೆಯನ್ನು ರೂಪಿಸಿದ್ದಾರೆ. ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತುತ್ತಾರೆ. ಇದಕ್ಕೆ ಸೌದೆ ಬೇಡ. ಆದರೆ ಗೋಡೆ ಮಳೆಗೆ ನೆನೆಯದಂತೆ ಮಾಡನ್ನು ಹೊರಚಾಚಬೇಕು.

ಒಳ್ಳೆಯ ಕಟ್ಟಡವನ್ನು ಗುರುತಿಸುವುದು ಹೇಗೆ? ನಮ್ಮ ದೇಶದಲ್ಲಿ ‘ಗೃಹ’ ಎಂಬ ಪದ್ಧತಿ ಇದೆ. ಟೆರಿ ಸಂಸ್ಥೆಯೂ ಕೇಂದ್ರ ಸರಕಾರವೂ ಸೇರಿ ಇದನ್ನು ರೂಪಿಸಿದವು. ಪರಿಣತರು ನೀರು, ವಿದ್ಯುತ್ತು, ಸಾಮಗ್ರಿ, ಕಸ ಇವುಗಳನ್ನು ಪರೀಕ್ಷಿಸಿ ಅಂಕ ಕೊಡುತ್ತಾರೆ. ಅಂಕಕ್ಕೆ ತಕ್ಕಂತೆ ಕಟ್ಟಡಕ್ಕೆ 1ರಿಂದ 5 ನಕ್ಷತ್ರಗಳ ಪ್ರಮಾಣಪತ್ರ ದೊರೆಯುತ್ತದೆ.

ಮಕ್ಕಳೇ, ನಾಳೆ ಮನೆ ಕಟ್ಟುವವರು ನೀವು. ಅಂದವನ್ನು ಮಾತ್ರ ನೋಡದೆ, ಮಣ್ಣು ಎಲ್ಲಿಂದ ಬಂತು, ಕೊನೆಗೆ ಎಲ್ಲಿಗೆ ಹೋಗುತ್ತದೆ ಎಂದು ಕೇಳಿರಿ.

ಪದಗಳ ಅರ್ಥ
ಮಾಡು – ಚಾವಣಿ
ಪರಿಣತರು – ಚೆನ್ನಾಗಿ ತಿಳಿದವರು

ಅಭ್ಯಾಸ
1. ಹೊಲದ ಮೇಲ್ಮಣ್ಣನ್ನು ಏಕೆ ಕಾಪಾಡಬೇಕು?
2. ‘ತಗಡಿನ ಮಾಡು ಅಗ್ಗ’ ಎಂಬ ಮಾತು ಪೂರ್ಣ ಸತ್ಯವೇ? ವಿವರಿಸಿರಿ.
3. ನಿಮ್ಮ ಶಾಲೆಯ ಕಟ್ಟಡಕ್ಕೆ ಬಳಸಿದ ಐದು ಸಾಮಗ್ರಿಗಳನ್ನು ಪಟ್ಟಿ ಮಾಡಿರಿ. ಕೆಡವಿದರೆ ಯಾವುವನ್ನು ಮತ್ತೆ ಬಳಸಬಹುದು?